ಸಾಮಾನಿನ ಬಾಗಿಲು

ವಿಲಾಸ ಥೇಟರಿನ ಮೆಟ್ಟಿಲ ಮೇಲೆ ನಿಂತು ಮಹಾದೇವಪ್ಪ ಗೋಡೆಯ ಬಣ್ಣ ನೋಡಿದ. ತಿಳಿಗುಲಾಬಿ. ಕಾಲುವೆ ಕ್ಯಾಂಪಿನ ಮನೆಗಳಿಗೆ ಬಳಿದು ಉಳಿದ ಬಣ್ಣವೇ ಇರಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಒಳಗೊಳಗೇ ಸುಖವೂ ಆಯಿತು. ಈಚೀಚೆಗೆ ಬೆಳಿಗ್ಗೆ ಎದ್ದು ಇಂಥ ಒಂದೆರಡು ಸುಖಗಳು ಸಿಗದಿದ್ದರೆ ಅವನಿಗೆ ದಿನವೇ ಮುಂದೆ ಸರಿಯುತ್ತಿರಲಿಲ್ಲ. ಬಾಗಿಲ ಪಕ್ಕದಲ್ಲಿ ಕರಿಕಲ್ಲಿನ ಮೇಲೆ ಜೀರ್ಣೋದ್ಧಾರ ಸಮಿತಿಯವರ ಹೆಸರು ಕೊರೆಸಿದ್ದರು. ಕೆಲಸ ಮುಗಿಯಲು ಇನ್ನೂ ಒಂದು ತಿಂಗಳಿತ್ತು, ಕಲ್ಲು ಮಾತ್ರ ಮೊದಲೇ ಬಂದು ಕೂತಿತ್ತು. ಅಧ್ಯಕ್ಷರು ರಂಗಣ್ಣ, ಕಾಲುವೆ ಗುತ್ತಿಗೆದಾರರು. ಎಂಟನೆಯ ಹೆಸರು ಮಹಾದೇವಪ್ಪನದು, ಅದರ ಮುಂದೆ ‘ಎಂ.ಎಸ್ಸಿ., ಶಬ್ದತಜ್ಞರು’. ಅವನು ಸುರಪುರದ ಕಾಲೇಜಿನಲ್ಲಿ ಹದಿನಾರು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿದ್ದ. ಅದರಲ್ಲಿ ನಾಟಕಶಾಲೆಯ ಸದ್ದಿನ ಪಾಠ ಒಂದೇ ಒಂದು. ಅದೂ ಹುಡುಗರು ಶೇಂಗಾ ಕೀಳಲು ಊರಿಗೆ ಹೋಗಿಬಿಡುವ ವಾರದಲ್ಲಿ ಬರುವಂಥದ್ದು. ಖಾಲಿ ಬೆಂಚುಗಳಿಗೆ ಪಾಠ ಹೇಳಿದವನು ಶಬ್ದತಜ್ಞ. ಈ ಊರಿಗೆ ಇಷ್ಟು ಸಾಕು ಎಂದುಕೊಂಡ. ಆದರೂ ಕಲ್ಲು ಕೂಡಿಸಿದ ದಿನ ಯಾರೂ ಇಲ್ಲದ ಹೊತ್ತು ನೋಡಿ, ಹಿಂದಕ್ಕೆ ಬಂದು ಎರಡನೆಯ ಸಲ ತನ್ನ ಹೆಸರು ಓದಿಕೊಂಡದ್ದು ಅವನಿಗೆ ಮರೆತಿರಲಿಲ್ಲ.

ಒಳಗಿನಿಂದ ಕರಣಿಯ ಸದ್ದು ಕೇಳುತ್ತಿತ್ತು. ಗೌಂಡಿ ಹುಲಗಪ್ಪ ಇಟ್ಟಂಗಿಯ ತಲೆಯ ಮೇಲೆ ಕರಣಿಯ ಹಿಡಿಯಿಂದ ಎರಡು ಸಲ ಕುಟ್ಟುತ್ತಿದ್ದ. ಕುಟ್ಟಿದ್ದು ಎರಡೇ ಆದರೂ ಒಳಗೆ ಹೋದವನ ಕಿವಿಗೆ ಅದು ಹತ್ತಾಗಿ, ಇಪ್ಪತ್ತಾಗಿ, ಕೊನೆಗೆ ಎಣಿಸಲಾರದ ಒಂದು ಗೊಣಗಾಗಿ ಬಂದು ಬಡಿಯಿತು. ಮಹಾದೇವಪ್ಪ ತನಗರಿವಿಲ್ಲದೆ ಬಾಯೊಳಗೇ ಎಣಿಸತೊಡಗಿದ. ಮೂರು ಸೆಕೆಂಡು, ಮೂರಕ್ಕೂ ಚೂರು ಹೆಚ್ಚು. ಹಳೆಯ ಗೋಡೆಗಳಿಗೆ ಹುಲ್ಲು ಕಲಸಿದ ಮಣ್ಣಿನ ಗಿಲಾವ ಇತ್ತು, ತಲೆಯ ಮೇಲೆ ಗೋಣಿತಟ್ಟು ಬಿಗಿದ ಛತ್ತು ಇತ್ತು. ಕೊಳಕು, ಹಲ್ಲಿ, ಇಲಿ ಎಲ್ಲ ಇದ್ದವು. ಆದರೆ ಪಿಸುಮಾತು ಕೂಡ ಹಿಂದಿನ ಸಾಲಿಗೆ ಮುಟ್ಟುತ್ತಿತ್ತು. ರಂಗಣ್ಣ ಅದನ್ನೆಲ್ಲ ಕಿತ್ತೆಸೆದು ನಾಲ್ಕೂ ಗೋಡೆಗೆ ಸಿಮೆಂಟು ಹೊಡೆಸಿ, ಕನ್ನಡಿಯ ಹಾಗೆ ನುಣ್ಣಗೆ ಉಜ್ಜಿಸಿದ್ದ. ಹದಿನೈದು ವರ್ಷ ಕಾಲುವೆಗೆ ಲೈನಿಂಗ್ ಮಾಡಿಸಿದ ಮನುಷ್ಯ; ಗೋಡೆ ಕಂಡರೆ ಅವನಿಗೆ ಕಾಲುವೆಯ ದಂಡೆಯೇ ಕಾಣುತ್ತಿರಬೇಕು. ಇದು ತಪ್ಪು ಎಂದು ಮಹಾದೇವಪ್ಪನಿಗೆ ಮೊದಲ ಬುಟ್ಟಿ ಸಿಮೆಂಟು ಬಿದ್ದ ದಿನವೇ ಗೊತ್ತಿತ್ತು. ಯಾರೂ ಕೇಳಲಿಲ್ಲ, ಅವನು ಹೇಳಲಿಲ್ಲ. ಕೇಳದೆ ಹೇಳುವುದು ತನ್ನ ವಿದ್ಯೆಗೆ ಕಡಿಮೆ ಎಂದು ಆಗ ಅಂದುಕೊಂಡಿದ್ದ.

ಈಗ ಹುಲಗಪ್ಪ ಕಟ್ಟುತ್ತಿದ್ದದ್ದು ರಂಗಸ್ಥಳದ ಎಡಕ್ಕಿದ್ದ ಸಾಮಾನಿನ ಬಾಗಿಲನ್ನು. ಹನ್ನೆರಡು ಅಡಿ ಅಗಲ, ಹತ್ತು ಅಡಿ ಎತ್ತರದ ಬಾಗಿಲು. ಅದರ ತೇಗದ ಕದಗಳನ್ನು ಮೊನ್ನೆ ಬಿಚ್ಚಿ ಒಯ್ದಿದ್ದರು. ಹಿಂದೆ ನಾಟಕ ಕಂಪನಿಗಳು ಬಂದಾಗ ಯಾದಗಿರಿ ಸ್ಟೇಶನ್ನಿನಲ್ಲಿ ಇಳಿದ ಪರದೆ, ಸಿಂಹಾಸನ, ಬಣ್ಣದ ಪೆಟ್ಟಿಗೆಗಳೆಲ್ಲ ಬಂಡಿಯ ಮೇಲೆ ಇಲ್ಲಿಗೆ ಬಂದು ಈ ಬಾಗಿಲಿಂದ ಒಳಗೆ ಹೋಗುತ್ತಿದ್ದವು. ಹೊತ್ತು ಒಳಗೆ ಹಾಕುತ್ತಿದ್ದವರು ಹಿಂದಿನ ಕೇರಿಯವರು, ಅವರಿಗೆ ಮುಂದಾಳು ಮಹಾದೇವಪ್ಪನ ಅಪ್ಪ ಭೀಮರಾಯ. ಆಟ ಶುರುವಾದ ಮೇಲೆ ಗಾಳಿಗೆಂದು ಕದ ತೆರೆದೇ ಇಡುತ್ತಿದ್ದರು. ಕೇರಿಯವರು ಹೊರಗೆ ಓಣಿಯಲ್ಲಿ ನಿಂತು ನೋಡುತ್ತಿದ್ದರು. ಹೊಸ್ತಿಲ ಒಳಗೆ ಬರಬೇಡಿ ಎಂದು ಎಲ್ಲಿಯೂ ಬರೆದಿರಲಿಲ್ಲ, ಯಾರೂ ಬಾಯಿಬಿಟ್ಟು ಹೇಳಿದವರಿಲ್ಲ. ಅಲ್ಲಿಂದ ರಂಗಸ್ಥಳ ಅಡ್ಡಕ್ಕೆ ಕಾಣುತ್ತಿತ್ತು. ಹತ್ತು ವರ್ಷದವನಾಗುವ ತನಕ ಮಹಾದೇವಪ್ಪ ನೋಡಿದ ರಾಜರಿಗೆಲ್ಲ ಒಂದೇ ಕಣ್ಣು, ಒಂದೇ ಕಿವಿ, ಅರ್ಧ ಮೀಸೆ. ರಾಣಿ ಅಳುವಾಗ ಮುಂದಿನವರಿಗೆ ಕಣ್ಣೀರು ಕಂಡರೆ, ಅವನಿಗೆ ಅವಳ ಬೆನ್ನ ಹಿಂದೆ ಬೀಡಿ ಸೇದುತ್ತ ತನ್ನ ಸರದಿಗೆ ಕಾಯುವ ಸೇನಾಪತಿ ಕಾಣುತ್ತಿದ್ದ. ಅಕ್ಕ ಮೋನಮ್ಮ ಅವನನ್ನು ಸೊಂಟದ ಮೇಲೆ ಕೂಡಿಸಿಕೊಂಡು ಇಡೀ ಆಟ ನಿಂತೇ ನೋಡುತ್ತಿದ್ದಳು. ಅವಳ ಸೊಂಟದ ಮೂಳೆ ತನ್ನ ತೊಡೆಗೆ ಒತ್ತುತ್ತಿದ್ದದ್ದು ಅವನಿಗೆ ಇನ್ನೂ ಗೊತ್ತಾಗುತ್ತಿತ್ತು. ಅದು ನೆನಪಾದಾಗೆಲ್ಲ ಅವನು ಬೇರೆ ಏನಾದರೊಂದನ್ನು ನೋಡತೊಡಗುತ್ತಿದ್ದ, ಈಗ ಛತ್ತಿನ ಹೊಸ ಹಾಳೆಗಳ ಬೋಲ್ಟುಗಳನ್ನು ನೋಡಿದ ಹಾಗೆ.

“ಬರ್ರಿ ಸರ, ಬರ್ರಿ! ನಿಮ್ಮ ಬಾಕಲಾ ಎದಿ ಮಟಾ ಬಂದದ ನೋಡ್ರಿ,” ಎಂದು ರಂಗಣ್ಣ ಹಿಂದಿನ ಸಾಲಿನಿಂದ ಕೂಗಿದ. ಬಿಳಿ ಸಫಾರಿ, ಎರಡು ಬೆರಳಿಗೆ ಹರಳಿನ ಉಂಗುರ. ಅವನ ಪಕ್ಕ ಸಮಿತಿಯ ಇನ್ನಿಬ್ಬರು ಚಹಾ ಕುಡಿಯುತ್ತ, ಅವನು ನಕ್ಕರೆ ನಗಲು ತಯಾರಾಗಿ ನಿಂತಿದ್ದರು. ನಿಮ್ಮ ಬಾಗಿಲು! ಆ ಮಾತಿಗೆ ಎಷ್ಟು ಅರ್ಥ ಇಟ್ಟಿದ್ದಾನೆ ಎಂದು ಮಹಾದೇವಪ್ಪ ಅವನ ಮುಖ ನೋಡಿದ. ಏನೂ ಇಟ್ಟಿರಲಿಲ್ಲ. ಆ ಮುಖದಲ್ಲಿ ಎರಡು ಅರ್ಥಕ್ಕೆ ಜಾಗವೇ ಇರಲಿಲ್ಲ, ಅದೇ ಇನ್ನೂ ಅಸಹ್ಯವಾಗಿತ್ತು.

ಬಾಗಿಲು ಮುಚ್ಚಿಸಬೇಕೆನ್ನುವುದು ಮೊದಲು ರಂಗಣ್ಣನ ಆಸೆ. ಹೊರಗೆ ಓಣಿಯ ಕಡೆ ಆ ಗೋಡೆಗೆ ಹೊಂದಿಸಿ ಐದು ಅಂಗಡಿ ಕಟ್ಟುವ ನಕ್ಷೆ ಅವನ ಜೀಪಿನ ಸೀಟಿನ ಮೇಲೆ ಬಿದ್ದಿದ್ದನ್ನು ಮಹಾದೇವಪ್ಪ ಕಣ್ಣಾರೆ ಕಂಡಿದ್ದ. ಆದರೆ ಸಮಿತಿಯ ಸಭೆಯಲ್ಲಿ ರಂಗಣ್ಣ ಅಂಗಡಿಯ ಮಾತೇ ಎತ್ತಲಿಲ್ಲ. “ನೋಡ್ರಿ, ಕೆನಾಲಾ ಎಲ್ಲರ ಒಂದು ಕಡೆ ಒಡದಿತ್ತಂದ್ರ ಟೇಲ್ ಎಂಡಿಗೆ ನೀರು ಮುಟ್ಟಂಗಿಲ್ಲ. ಶಹಾಪುರದ ಕಡೆ ಹೋಗಿ ನೋಡ್ರಿ ಬೇಕಂದ್ರ. ಇಲ್ಲೂ ಅಷ್ಟಽ. ನಟ ಇಲ್ಲಿ ನಿಂತು ಒದರ್ತಾನ, ಅರ್ಧ ಆವಾಜ ಈ ಬಾಕಲದಾಗ ಸೋರಿ ಓಣಿಗೆ ಹೋಗ್ತದ. ಹಿಂದಿನ ಸಾಲಿನ್ಯಾಂವ ಏನ್ ಕೇಳಬೇಕು? ಮೊದ್ಲು ಸೋರೋದು ಬಂದ್ ಆಗ್ಬೇಕು,” ಎಂದಿದ್ದ. ಎಲ್ಲರೂ ತಲೆಯಾಡಿಸಿದರು. ಕಾಲುವೆ ಬಂದ ಮೇಲೆ ಈ ಸೀಮೆಯಲ್ಲಿ ಯಾವ ಮಾತಾದರೂ ನೀರಿನ ದಾರಿಯಲ್ಲೇ ಹರಿಯುತ್ತಿತ್ತು. ದೇವರಿಗೆ ಹರಕೆ ಕೂಡ ತೂಬಿನ ಲೆಕ್ಕದಲ್ಲೇ. ಕೊನೆಗೆ ರಂಗಣ್ಣ ಮಹಾದೇವಪ್ಪನ ಕಡೆ ತಿರುಗಿ, ದನಿ ಇಳಿಸಿ, ತುಂಬ ಒಳ್ಳೆಯವನಾಗಿ ಹೇಳಿದ್ದ: “ಮತ್ತ ಸರ, ಇನ್ನ ಮುಂದ ಯಾರೂ ಹೊರಗ ನಿಂತು ನೋಡೋ ಕಾಲ ಬ್ಯಾಡ. ಎಲ್ಲಾರೂ ಮುಂದಿನ ಬಾಕಲದಿಂದನ ಬರ್ಲಿ.” ಆ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ತಾನು ಕಾಲೇಜಿನಲ್ಲಿ ಭಾಷಣಕ್ಕೆ ನಿಂತರೆ ಆಡುವುದೂ ಅದೇ ಮಾತು. ಅಂಥ ಬಾಯಿಂದ ಅಂಥ ಮಾತು ಬಂದದ್ದಕ್ಕೆ ಮಾತಿನ ಮೇಲೇ ಅವನಿಗೆ ಹೇಸಿಕೆ ಹುಟ್ಟಿತು. ಶಬ್ದತಜ್ಞರ ವರದಿ ಬಂದ ಮೇಲೆ ತೀರ್ಮಾನ ಎಂದು ಸಭೆ ಮುಗಿಯಿತು.

ಸದ್ದು ನೀರಲ್ಲ. ಅದು ಅವನಿಗೆ ಗೊತ್ತಿತ್ತು. ದೊಡ್ಡ ಕೋಣೆಯಲ್ಲಿ ಮಾತು ಕೆಡುವುದು ಸೋರಿ ಹೋಗಿ ಅಲ್ಲ, ಹೋಗದೆ ಉಳಿದು. ಗೋಡೆಯಿಂದ ಗೋಡೆಗೆ ಬಡಿಯುತ್ತ ಉಳಿದ ಮೊದಲ ಮಾತು ಸಾಯುವುದರೊಳಗೆ ಎರಡನೆಯದು ಬಂದು ಅದರ ಮೇಲೆ ಬೀಳುತ್ತದೆ. ಹಿಂದೆ ಕೂತವನಿಗೆ ಗದ್ದಲ ಮುಟ್ಟುತ್ತದೆ, ಮಾತು ಮುಟ್ಟುವುದಿಲ್ಲ. ತೆರೆದ ಬಾಗಿಲಿಗೆ ಹೋದ ಸದ್ದು ಮರಳಿ ಬಂದು ಕಾಡುವುದಿಲ್ಲ. ಗೋಡೆ, ಬಟ್ಟೆ, ಮನುಷ್ಯ ಯಾವುದು ಎಷ್ಟು ಸದ್ದು ಹೀರುತ್ತದೆ ಎಂದು ಅಳೆಯಲು ಪುಸ್ತಕದಲ್ಲಿ ಇಟ್ಟುಕೊಂಡ ಅಳತೆಗೋಲೇ ಒಂದು ಚದರ ಅಡಿ ತೆರೆದ ಕಿಟಕಿ. ಹದಿನಾರು ವರ್ಷ ಅದನ್ನು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. ಸಿಮೆಂಟು ಮೆತ್ತಿದ ಮೇಲೆ ಈ ಥೇಟರಿಗೆ ಉಳಿದ ಜೀವ ಆ ಬಾಗಿಲೊಂದೇ. ಲ್ಯಾಬಿನ ಸ್ಟಾಪ್‌ವಾಚು ತಂದು, ಕಾಗದದ ಚೀಲ ಊದಿ ಒಡೆದು, ಕದ ತೆರೆದು ಹತ್ತು ಸಲ, ಮುಚ್ಚಿ ಹತ್ತು ಸಲ ಅಳೆದಿದ್ದ. ತೆರೆದಾಗ ಸದ್ದು ಸಾಯಲು ಮೂರು ಸೆಕೆಂಡು, ಮುಚ್ಚಿದಾಗ ಮೂರೂವರೆ. ಮೂರಕ್ಕೇ ಮಾತು ಒಡೆಯುತ್ತಿತ್ತು, ಮೂರೂವರೆಗೆ ಉಳಿಯುವುದು ಬರೀ ಮೊರೆತ. ಆ ಇಪ್ಪತ್ತು ಅಂಕಿಗಳ ಹಾಳೆಯನ್ನು ಮಡಿಸಿ ಶರ್ಟಿನ ಕಿಸೆಯಲ್ಲಿ ಇಟ್ಟುಕೊಂಡ. ವರದಿಯಲ್ಲಿ ಬರೆದದ್ದು ಒಂದೇ ವಾಕ್ಯ: ‘ಬಾಗಿಲನ್ನು ಮುಚ್ಚುವುದರಿಂದ ಹೊರಗೆ ಹೋಗಿ ನಷ್ಟವಾಗುವ ಧ್ವನಿಯು ಸಭಾಂಗಣದಲ್ಲಿಯೇ ಉಳಿಯುತ್ತದೆ.’ ಅಕ್ಷರ ಅಕ್ಷರವೂ ನಿಜ. ಯಾವ ಪರೀಕ್ಷಕನೂ ಅದರ ಕೆಳಗೆ ಕೆಂಪು ಗೆರೆ ಎಳೆಯಲಾರ. ಇಷ್ಟು ನಿಜವಾದ ಸುಳ್ಳು ಬರೆಯಲು ಎಂ.ಎಸ್ಸಿ. ತನಕ ಓದಬೇಕಾಯಿತು ಎಂದುಕೊಂಡು ಸಹಿ ಮಾಡಿದ್ದ.

“ಸರ, ಜರಾ ಬಾಜೂಕ ನಿಂದರ್ರಿ. ಮಾಲು ಸಿಡೀತದ,” ಎಂದಿತು ಬೆನ್ನ ಹಿಂದಿನ ದನಿ.

ಅವನು ಸರಿದ. ಕಲಸಿದ ಸಿಮೆಂಟಿನ ಬುಟ್ಟಿ ಹೊತ್ತು ಮೋನಮ್ಮ ಅವನ ಮುಂದೆ ಹಾದುಹೋದಳು. ತಲೆಗೆ ಸಿಂಬಿ, ಮೊಳಕೈ ತನಕ ಬೂದುಬಣ್ಣ, ಬರಿಗಾಲು. ಅವಳು ಈ ಕೆಲಸಕ್ಕೆ ಬರುವುದು ಬೇಡವೆಂದು ಅವನು ಹೇಳಿ ಕಳಿಸಿದ್ದ. ‘ಗೋಡಿ ಯಾರರ ಕಟ್ಟೇ ಕಟ್ಟತಾರ. ನನ್ನ ಕೂಲಿ ಯಾಕ ಬಿಡಬೇಕು’ ಎಂದು ಅವಳು ತಿರುಗಿ ಹೇಳಿ ಕಳಿಸಿದ್ದಳು. ಈಗ ಹದಿನೈದು ದಿನದಿಂದ ಸಮಿತಿಯವರ ಎದುರಿಗೆ ಅವನನ್ನು ‘ಸರ’ ಎನ್ನುತ್ತಿದ್ದಳು. ಅವನು ಹಾಗೆ ಅನ್ನು ಎಂದಿರಲಿಲ್ಲ. ಮೊದಲ ದಿನ ಅವಳ ಬಾಯಲ್ಲಿ ಆ ಮಾತು ಕೇಳಿ ಅವನ ಎದೆ ಹಗುರವಾಗಿತ್ತು. ಹಗುರವಾದದ್ದು ಅವಳಿಗೂ ಕಂಡಿತ್ತು. ಅದಾದ ಮೇಲೆ ಅವಳು ಮರೆತೂ ಬೇರೆ ಮಾತಿನಿಂದ ಕರೆಯಲಿಲ್ಲ. ಸುರಪುರದಂಥ ಊರಲ್ಲಿ ಅವಳು ಯಾರೆಂದು ರಂಗಣ್ಣನಿಗೆ ಗೊತ್ತಿಲ್ಲದಿರಲು ಸಾಧ್ಯವೇ? ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಚಹಾ ಕುಡಿಯುತ್ತಿದ್ದರು, ಅವನಿಗಾಗಿ. ಅವರಿಂದ ಅವನು ಪಡೆದ ಉಪಕಾರಗಳಲ್ಲೆಲ್ಲ ದೊಡ್ಡದು ಅದೇ.

“ಮೋನವ್ವಾ, ನಿನ್ನ ಬುಟ್ಯಾಗ ಮಾಲು ಕಮ್ಮಿ ಬರಾಕತ್ತದ. ಏನ್ ದಾರ್‍ಯಾಗ ತಿಂತೀಯೇನು?” ಎಂದ ಹುಲಗಪ್ಪ.

“ಹೂಂ, ತಿಂತೀನಿ. ನೀ ಕಟ್ಟಿದ ಗೋಡಿ ತಿನ್ನೂಕಿಂತ ಅದಽ ಛಲೋ ಅದ. ಗುಂಡು ಬಿಟ್ಟು ನೋಡು, ಹೊಟ್ಟಿ ಬಂದದ ನಿನ್ನ ಗೋಡಿಗೆ, ಬಸುರಿ ಹೆಂಗಸಿನಂಗ.”

“ಎಲ್ಲೀದು ಹೊಟ್ಟಿ! ನಿನ್ನ ಕಣ್ಣಿಗೇ ಪರದಿ ಬಂದದ.”

ಹುಲಗಪ್ಪ ನಗುತ್ತಲೇ ತೂಗುಗುಂಡಿನ ದಾರ ಇಳಿಬಿಟ್ಟು ನೋಡಿದ. ನೋಡಿ ಎರಡು ಇಟ್ಟಂಗಿ ತೆಗೆದು ಮತ್ತೆ ಕೂಡಿಸಿದ. ಮೋನಮ್ಮ ಖಾಲಿ ಬುಟ್ಟಿಯನ್ನು ತೊಡೆಗೆ ಬಡಿದು ಕೊಡವಿದಳು. ಅವಳು ಈ ಜನರ ನಡುವೆ ಎಷ್ಟು ಆರಾಮಾಗಿದ್ದಾಳೆ ಎನ್ನುವುದು ಮಹಾದೇವಪ್ಪನಿಗೆ ಸಹಿಸಲಾಗುತ್ತಿರಲಿಲ್ಲ. ಹೋದ ವಾರ ಕಾಲೇಜು ರಸ್ತೆಯ ಅವನ ಮನೆಗೆ ಬಂದು, ಕುರ್ಚಿ ಇದ್ದರೂ ಪಡಸಾಲೆಯ ನೆಲದ ಮೇಲೆ ಕೂತು, “ತಮ್ಮಾ, ಆ ಬಾಕಲಾ ಮುಚ್ಚಸಬ್ಯಾಡೋ,” ಎಂದಿದ್ದಳು. ಅವನು ತುಂಬ ಹೊತ್ತು ತಿಳಿಸಿ ಹೇಳಿದ್ದ. ಆ ಬಾಗಿಲು ನಮಗೆ ಅವಮಾನ, ಕೇರಿಯಲ್ಲಿ ವಿಹಾರ ಕಟ್ಟಿಕೊಂಡು ಬುದ್ಧನ ಮೂರ್ತಿ ಇಟ್ಟುಕೊಂಡವರು ಇನ್ನೂ ಸಾಮಾನು ಹಾಕುವ ಬಾಗಿಲಲ್ಲಿ ನಿಲ್ಲಬೇಕೇ, ಇನ್ನು ಮುಂಬಾಗಿಲಿಂದ ಹೋಗಿ ಕುರ್ಚಿಯ ಮೇಲೆ ಕೂಡಬೇಕು. ಅವಳು ಎಲ್ಲ ಕೇಳಿಸಿಕೊಂಡಳು. “ಕುಂದರ್ತೀವಿ ಬಿಡು, ಯಾರ್ ಬ್ಯಾಡಂತಾರ. ಆದ್ರ ಹೊಲದಿಂದ ಬರೂದ್ರಾಗ ಹೊತ್ತಾಗಿರ್ತದ. ಅರ್ಧ ಆಟಕ್ಕ ಬಂದು ಮಂದಿ ಕಾಲು ತುಳಕೋತ ಯಾರ್ ಹೋಗಬೇಕು? ಕೂಸು ಅತ್ತರ ಎಲ್ಲಾರೂ ಹೊಳ್ಳಿ ನೋಡ್ತಾರ. ಇಲ್ಲಾದ್ರ ಬರ್ತೀವಿ, ನಿಂದರ್ತೀವಿ, ಸಾಕಾದ್ರ ಹೋಗ್ತೀವಿ. ಅಪ್ಪ ಹೊತ್ತು ಹೊತ್ತು ಅದರ ಹೊಸ್ತಲಾ ಸವಿಸ್ಯಾನ,” ಎಂದಳು. ಬಂದೀಖಾನೆಯ ಕಿಂಡಿಯ ಮೇಲೆ ಇವರಿಗೆ ಪ್ರೀತಿ ಹುಟ್ಟಿದೆ ಎಂದು ಅವನಿಗೆ ರೋಷ ಬಂತು. ಏಳುವಾಗ ಮೊಣಕಾಲ ಮೇಲೆ ಕೈಯೂರಿ ಅವಳು ಕೇಳಿದ್ದಳು: “ನೀ ಗಡಿಯಾರ ಹಿಡಿದು ಅಳದೀಯಂತಲ್ಲ. ಖರೇ ಹೇಳು, ಅದು ಮುಚ್ಚಿದ್ರ ಒಳಗ ಕುಂತವ್ರಿಗರ ಛಲೋ ಕೇಳ್ತದೇನು?” “ನಿನಗ ಅದೆಲ್ಲಾ ತಿಳೇಂಗಿಲ್ಲ,” ಎಂದಿದ್ದ ಅವನು.

ತಿಳಿಯದೆ ಇರುವಂಥದ್ದು ಅದರಲ್ಲಿ ಏನಿತ್ತು? ಒಂದು ಸಲ ಚಪ್ಪಾಳೆ ತಟ್ಟಿ ತೋರಿಸಿದ್ದರೆ ಸಾಕಿತ್ತು. ಅವನಿಗೆ ಆ ಬಾಗಿಲು ಮುಚ್ಚಬೇಕಾಗಿದ್ದದ್ದು ಕೇರಿಯ ಮಾನಕ್ಕಾಗಿಯೂ ಅಲ್ಲ. ಬಿ.ಎಸ್ಸಿ. ಮೊದಲ ವರ್ಷದಲ್ಲಿ, ಕಲಬುರಗಿಯಿಂದ ರಜೆಗೆ ಬಂದಾಗ, ವಿದ್ಯಾರ್ಥಿವೇತನದಲ್ಲಿ ಉಳಿಸಿ ಕುರ್ಚಿಯ ಟಿಕೀಟು ಕೊಂಡು ಇದೇ ಮುಂಬಾಗಿಲಿಗೆ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಮೊದಲ ಸಲ ಬೂಟು. ಬಾಗಿಲಲ್ಲಿ ಟಿಕೀಟು ಹರಿಯುತ್ತಿದ್ದ ಮುದುಕ ಮನ್ಸೂರಅಲಿ ಟಿಕೀಟು ನೋಡಿದ, ಅವನ ಮುಖ ನೋಡಿದ, ಗುರುತು ಹಿಡಿದು ಖುಷಿಯಾಗಿ ನಕ್ಕ. “ಅರೆ, ಭೀಮರಾಯನ ಮಗಾ ಅಲ್ಲೇನು! ಎಷ್ಟ ಉದ್ದ ಬೆಳದೀಯೋ. ನಿಮ್ಮ ಮಂದಿ ಎಲ್ಲಾ ಆ ಕಡಿ ಅದಾರ ನೋಡಪಾ,” ಎಂದು ಟಿಕೀಟನ್ನು ಹರಿಯದೆ ಅವನ ಕೈಗೆ ವಾಪಸು ಇಟ್ಟು, ದಾರಿ ತಪ್ಪಿದ ಹುಡುಗನಿಗೆ ತೋರಿಸುವ ಹಾಗೆ ಓಣಿಯ ಕಡೆ ಕೈ ತೋರಿಸಿದ. ಅದರಲ್ಲಿ ಕೆಟ್ಟತನವಿರಲಿಲ್ಲ. ಒಂದು ಮಾತು ಹೇಳಿದ್ದರೆ, ಸುಮ್ಮನೆ ಟಿಕೀಟು ಮುಂದೆ ಹಿಡಿದಿದ್ದರೂ ಸಾಕು, ಮುದುಕ ಒಳಗೆ ಬಿಡುತ್ತಿದ್ದ. ಮಹಾದೇವಪ್ಪ “ಹೌದ್ರಿ” ಎಂದು ತಲೆಯಾಡಿಸಿ, ಗೋಡೆಯನ್ನು ಸುತ್ತಿಕೊಂಡು ಓಣಿಗೆ ಹೋದ. “ಬಂದ್ಯಾ? ಬಾ, ಇಲ್ಲಿ ನಿಂದ್ರು,” ಎಂದು ಮೋನಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಅಂಗಿ ಯಾಕೆ, ಬೂಟು ಯಾಕೆ ಎಂದು ಏನೂ ಕೇಳಲಿಲ್ಲ. ಮೂರನೆಯ ಸಾಲಿನಲ್ಲಿ ತನ್ನ ನಂಬರಿನ ಕುರ್ಚಿ ಆಟ ಮುಗಿಯುವ ತನಕ ಖಾಲಿಯಾಗಿದ್ದದ್ದನ್ನು ಅವನು ಅಲ್ಲಿಂದ ಅಡ್ಡಕ್ಕೆ ನೋಡುತ್ತ ನಿಂತಿದ್ದ. ಅವರು ಹೊರಗಿಟ್ಟದ್ದನ್ನು ಅವನು ಎಂದೋ ಕ್ಷಮಿಸಿದ್ದ; ಯಾರೂ ತಳ್ಳದೆ ತಾನೇ ನಡೆದು ಹೋದದ್ದನ್ನು ಕ್ಷಮಿಸಲು ಆಗಿರಲಿಲ್ಲ. ಆ ಬಾಗಿಲು ಇರುವ ತನಕ ಆ ನಡಿಗೆಗೆ ಒಂದು ಸಾಕ್ಷಿ ಇರುತ್ತಿತ್ತು. ಅದಕ್ಕೆ ಸುಣ್ಣ, ಸಿಮೆಂಟು, ಬಣ್ಣ ಬಳಿದು, ಐದು ಅಂಗಡಿಗಳ ಬೆನ್ನು ಮಾಡಿಬಿಟ್ಟರೆ ಸರಿ ಎನ್ನಿಸಿತ್ತು. ಊರಿನ ನಾಟಕ ಕೆಟ್ಟರೆ ಕೆಡಲಿ. ನಾಟಕವಾದರೂ ಎಂಥದು? ರಂಗಣ್ಣನ ಅಳಿಯ ಕೃಷ್ಣದೇವರಾಯನಾಗಿ ಕೈಗಡಿಯಾರ ಕಟ್ಟಿಕೊಂಡು ನಿಲ್ಲುವಂಥದು.

“ಈ ಗೋಡ್ಯಾಗ ಯಾರೋ ಕುಂತು ಅಣಕಸಾಕತ್ಯಾರ್ರಿ,” ಎಂದು ರಂಗಸ್ಥಳದ ಮೇಲಿಂದ ರಾಜಾಸಾಬ ಹೇಳಿದ. ಮೂವತ್ತು ವರ್ಷ ಊರೂರಿಗೆ ಹೋಗಿ ರೈತರಿಗೆ ನಾಟಕ ಕಲಿಸಿದ ಹಾರ್ಮೋನಿಯಂ ಮಾಸ್ತರ. ಎಪ್ಪತ್ತು ದಾಟಿದ್ದ, ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಹಾಗೇ ಇತ್ತು. ಸಮಿತಿಗೆ ಅವನನ್ನು ಯಾಕೆ ಸೇರಿಸಿಕೊಂಡಿದ್ದರೋ, ಅವನ ಮಾತನ್ನು ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ ಒಂದು ಸ್ವರ ಒತ್ತಿ ಬಿಟ್ಟ. ಅದು ಹೋಗಲಿಲ್ಲ. ಎರಡನೆಯದನ್ನು ಒತ್ತಿದ; ಮೊದಲನೆಯದು ಇನ್ನೂ ಅಲ್ಲೇ ಇತ್ತು. “ಕೇಳ್ರಿ, ಕೇಳ್ರಿ. ಒಂದರ ಮ್ಯಾಲೊಂದು ಬಿದ್ದು ಸಾಯಾಕತ್ತಾವ. ಮೊನ್ನೆ ಇಷ್ಟು ಇರಲಿಲ್ಲ. ಗೋಡಿ ಮ್ಯಾಲ ಬಂದಂಗ ಹೆಚ್ಚಾಗ್ಯಾದ.”

“ಸಾಬ್ರ, ನಿಮ್ಮ ಪೆಟಗಿ ಹಳೇದ್ರಿ. ಅದರ ಗಾಳಿ ಎಲ್ಲೋ ಸೋರ್ತದ,” ಎಂದ ಆಗಲೇ ರಂಗಸ್ಥಳದ ಹತ್ತಿರಕ್ಕೆ ಬಂದಿದ್ದ ರಂಗಣ್ಣ. ಇಬ್ಬರು ನಕ್ಕರು.

“ನನ್ನ ಪೆಟಗಿ ಸೋರ್ತದ, ನನ್ನ ಬಾಯಿನೂ ಸೋರ್ತದ. ಕಿವಿ ಸೋರಂಗಿಲ್ಲರಿ ರಂಗಣ್ಣಾರ. ಸರ, ನೀವರ ಹೇಳ್ರಿ. ನೀವು ಓದಿದವ್ರು.”

ಎಲ್ಲರೂ ಮಹಾದೇವಪ್ಪನ ಕಡೆ ನೋಡಿದರು. ಗೋಡೆ ಎದೆಯ ಮಟ್ಟಕ್ಕಿತ್ತು. ಅದರ ಮೇಲೆ ಓಣಿಯ ಬಿಸಿಲು, ಒಂದು ಬೇವಿನ ಟೊಂಗೆ, ಹಗ್ಗಕ್ಕೆ ಹಾಕಿದ ಯಾರದೋ ಸೀರೆ ಕಾಣುತ್ತಿದ್ದವು. ಗಚ್ಚು ಇನ್ನೂ ಹಸಿ. ಈಗ ನಿಲ್ಲಿಸಿದರೆ ಹುಲಗಪ್ಪ ಕೈಯಿಂದಲೇ ಇಟ್ಟಂಗಿ ಎತ್ತಿಡಬಹುದು. ನಾಳೆ ಆದರೆ ಹಾರೆ ಬೇಕು, ಸಮಿತಿಯ ಠರಾವು ಬೇಕು. ಕಿಸೆಯ ಹಾಳೆಯ ಮೇಲೆ ಕೈ ಹೋಯಿತು. “ಮಂದಿ ತುಂಬಿದ ಮ್ಯಾಲ ಕಮ್ಮಿ ಆಗ್ತದ ರಾಜಾಸಾಬ. ಮನುಷ್ಯನ ಮೈ ಸದ್ದು ಹೀರ್ತದ,” ಎಂದ. ಅದೂ ನಿಜವೇ. ಇನ್ನೊಂದು ಅರ್ಧ ನಿಜ. ರಾಜಾಸಾಬ ಮಂಜುಗಣ್ಣನ್ನು ಅವನ ಕಡೆ ತಿರುಗಿಸಿದ. “ಮಂದಿ ತುಂಬಿದ ಮ್ಯಾಲ,” ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಪೆಟ್ಟಿಗೆ ಮುಚ್ಚಿ, ಮೆಟ್ಟಿಲು ತಡವುತ್ತ ಇಳಿದು ಹಿಂದಿನ ಸಾಲಿಗೆ ಹೋಗಿ ಕೂತ.

“ಹಿಂಗ ಮಾಡೋಣು,” ಎಂದ ರಂಗಣ್ಣ. “ಸರ, ನೀವಽ ಮ್ಯಾಲ ಹತ್ತಿ ನಾಕು ಮಾತು ಆಡ್ರಿ. ಏನರ ಆಡ್ರಿ. ನಾವು ಅಲ್ಲಿ ಟೇಲ್ ಎಂಡಿನ್ಯಾಗ ನಿಂತು ಕೇಳ್ತೀವಿ. ಸಾಬ್ರ ಸಂಶಾನೂ ಹೋಗ್ಲಿ.”

ಮಹಾದೇವಪ್ಪ ರಂಗಸ್ಥಳ ಹತ್ತಿದ. ಇಷ್ಟು ವರ್ಷದಲ್ಲಿ ಅದರ ಮೇಲೆ ಕಾಲಿಟ್ಟದ್ದು ಇದೇ ಮೊದಲು. ಹಲಗೆಗಳು ಬೂಟಿನ ಕೆಳಗೆ ಪೊಳ್ಳಾಗಿ ಸದ್ದು ಮಾಡಿದವು. ಎದುರಿಗೆ ಅರವತ್ತು ಅಡಿ ದೂರದಲ್ಲಿ ರಂಗಣ್ಣ ಸೊಂಟಕ್ಕೆ ಕೈಯಿಟ್ಟು, ಜಮೀನು ಅಳೆಯಿಸುವವನ ಹಾಗೆ ನಿಂತಿದ್ದ. ಅವನ ಪಕ್ಕದವನು ಆಗಲೇ ಏನೋ ಹೇಳುತ್ತಿದ್ದ, ರಂಗಣ್ಣ ತಲೆ ವಾಲಿಸಿ ಕೇಳುತ್ತಿದ್ದ. ಎಡಕ್ಕೆ, ಎಂಟು ಹೆಜ್ಜೆ ದೂರದಲ್ಲಿ, ಗೋಡೆಯ ಬುಡದಲ್ಲಿ ಮೋನಮ್ಮ ತುಂಬಿದ ಬುಟ್ಟಿ ಹೊತ್ತು ನಿಂತಿದ್ದಳು. ಹುಲಗಪ್ಪ ಕೈ ತೊಳೆಯಲು ಹೊರಗೆ ನೀರಿನ ಪೀಪಾಯಿಯ ಹತ್ತಿರ ಹೋಗಿದ್ದ. ಏನು ಆಡಬೇಕು ಎಂದು ಮಹಾದೇವಪ್ಪ ಯೋಚಿಸಿರಲಿಲ್ಲ. ಒಂದು, ಎರಡು, ಮೂರು ಎಣಿಸಿದರೂ ಸಾಕಿತ್ತು. ಬಾಯಿ ತೆರೆದ. “ಈ ಬಾಗಿಲಾ ಮುಚ್ಚಬ್ಯಾಡ್ರಿ,” ಎಂದಿತು ಅವನ ದನಿ. ಅದು ದೊಡ್ಡದಾಗಿ, ಯಾರದೋ ದನಿಯಾಗಿ ಸುತ್ತ ಎದ್ದು ನಿಂತಿತು. ಅದು ಸಾಯುವ ಮೊದಲೇ ಅವನು ಮುಂದಿನ ಮಾತು ಅದರ ಮೇಲೆ ಹಾಕಿದ. “ನಾ ಬರದದ್ದು ಸುಳ್ಳು. ಮುಚ್ಚಿದ್ರ ಮಾತು ಕೇಳಂಗಿಲ್ಲ. ನನಗ ಗೊತ್ತಿತ್ತು. ಗೊತ್ತಿದ್ದು ಬರದೀನಿ.” ಎದೆಯಿಂದ ಏನೋ ಇಳಿದ ಹಾಗಾಯಿತು. ಎಷ್ಟು ಸುಲಭವಿತ್ತು ಎಂದು ಆಶ್ಚರ್ಯವಾಯಿತು. ಗೋಡೆಗಳು ಅವನ ಮಾತನ್ನು ಹಿಡಿದು ಜಗ್ಗಾಡಿ, ಮೊರೆದು, ಕೊನೆಗೆ ಬಿಟ್ಟವು.

“ಭರ್ಜರಿ!” ಎಂದು ರಂಗಣ್ಣ ಚಪ್ಪಾಳೆ ತಟ್ಟಿದ. “ಏನ್ ಆವಾಜ್ರಿ ಸರ! ಮೈ ಜುಮ್ ಅಂತದ. ಯಾದಗಿರ್‍ಯಾಗ ಮೈಕು ಹಚ್ಚಿದ್ರೂ ಹಿಂಗ ಬರಂಗಿಲ್ಲ. ಒಂದ್ ಹನಿ ಸೋರಿಲ್ಲ!” ಪಕ್ಕದ ಇಬ್ಬರೂ ತಟ್ಟಿದರು. ಅವರು ಮಾತು ಕೇಳಲು ನಿಂತಿರಲಿಲ್ಲ. ಎಷ್ಟು ಬಂತು ಎಂದು ನೋಡಲು ನಿಂತಿದ್ದರು. ಚಪ್ಪಾಳೆಯ ಗದ್ದಲ ಅಡಗಲು ತನ್ನ ಹೊತ್ತು ತೆಗೆದುಕೊಂಡಿತು. ಅದು ಅಡಗಿದ ಮೇಲೆ ರಾಜಾಸಾಬ ಕೋಲೂರಿ ಎದ್ದು ನಿಂತು, ಒಂದೊಂದೇ ಮಾತು ಬಿಡಿಸಿ ಕೇಳಿದ.

“ಸರ, ಸದ್ದು ಬಂತ್ರಿ, ಮಾತು ಬರಲಿಲ್ಲ. ಏನೋ ಬಾಗಿಲಾ ಅಂದಂಗಾತು. ಏನಂದ್ರಿ? ಸಾವಕಾಶ ಇನ್ನೊಮ್ಮೆ ಹೇಳ್ರಿ, ಒಂದೊಂದಽ ಮಾತು ಬಿಟ್ಟು ಬಿಟ್ಟು.”

ಬಿಟ್ಟು ಬಿಟ್ಟು ಹೇಳಿದರೆ ಕೇಳಿಸುತ್ತಿತ್ತು. ಒಂದು ಮಾತು, ಮೂರು ಸೆಕೆಂಡು, ಇನ್ನೊಂದು ಮಾತು. ಅಥವಾ ಇಳಿದು ಹೋಗಿ ಹತ್ತಿರ ನಿಂತು ಸಣ್ಣ ದನಿಯಲ್ಲಿ ಹೇಳಬಹುದಿತ್ತು. ರಂಗಣ್ಣನ ಮುಖ ಇನ್ನೂ ಮೆಚ್ಚುಗೆಯಿಂದ ತೆರೆದೇ ಇತ್ತು. ಹಾಗೆ ಅವನು ಮಹಾದೇವಪ್ಪನನ್ನು ಎಂದೂ ನೋಡಿರಲಿಲ್ಲ, ಊರಲ್ಲಿ ಯಾರೂ ನೋಡಿರಲಿಲ್ಲ. ಎಂಥ ಬುದ್ಧಿಯಿಲ್ಲದ ಮುಖ. ಅದರ ಮೆಚ್ಚುಗೆಗೆ ತನ್ನ ಬೆನ್ನು ನೆಟ್ಟಗಾಗಿದ್ದದ್ದು ಮಹಾದೇವಪ್ಪನಿಗೆ ಗೊತ್ತಾಯಿತು. ತಿಳಿದ ಮೇಲೂ ಬೆನ್ನು ಬಾಗಲಿಲ್ಲ.

“ಏನಿಲ್ಲ ರಾಜಾಸಾಬ. ಹಂಗಽ ನೋಡಿದೆ,” ಎಂದ.

ರಾಜಾಸಾಬ ಕೂತುಕೊಂಡ. ರಂಗಣ್ಣ ಚಹಾ ಹೇಳಲು ಹೊರಗೆ ಹೊರಟ, ಉಳಿದಿಬ್ಬರೂ ಅವನ ಬೆನ್ನು ಹತ್ತಿದರು. ಮಹಾದೇವಪ್ಪ ರಂಗಸ್ಥಳದ ಎಡಬದಿಗೆ ಬಂದ. ಮೋನಮ್ಮ ಬುಟ್ಟಿ ಇಳಿಸದೆ ಅಲ್ಲೇ ನಿಂತಿದ್ದಳು. ಎಂಟು ಹೆಜ್ಜೆಯ ದೂರದಲ್ಲಿ ಮಾತು ಒಡೆಯುವುದಿಲ್ಲ. ಅವಳು ಎಲ್ಲ ಕೇಳಿದ್ದಳು. ಮೊದಲು ಹೇಳಿದ್ದನ್ನೂ, ಆಮೇಲೆ ಹೇಳಿದ್ದನ್ನೂ. ಅವಳ ಕುತ್ತಿಗೆಯ ನರಗಳು ಭಾರಕ್ಕೆ ಬಿಗಿದುಕೊಂಡಿದ್ದವು, ಕಿವಿಯ ಪಕ್ಕ ಸಿಮೆಂಟಿನ ನೀರು ಇಳಿಯುತ್ತಿತ್ತು. ಅವನು ಅವಳ ಮುಖದಲ್ಲಿ ಸಿಟ್ಟು ಹುಡುಕಿದ. ಸಿಟ್ಟಿದ್ದರೆ ಅದಕ್ಕೆ ಉತ್ತರ ಅವನ ಹತ್ತಿರ ತಯಾರಿತ್ತು.

“ಮಾಲು ಬಿಗೀತದ,” ಎಂದಳು. “ಹಾಕ್ಲೇನು, ಬ್ಯಾಡೇನು?”

ಸರ ಅನ್ನಲಿಲ್ಲ. ತಮ್ಮಾ ಎಂದೂ ಅನ್ನಲಿಲ್ಲ.

“ಹಾಕು,” ಎಂದ.

ಅವಳು ಬಾಗಿ ಬುಟ್ಟಿಯನ್ನು ಗೋಡೆಯ ಮೇಲೆ ಬೋರಲು ಮಾಡಿ, ಉಳಿದದ್ದನ್ನು ಅಂಗೈಯಿಂದ ಬಳಿದು ಹಾಕಿದಳು. ಹುಲಗಪ್ಪ ಕೈ ಒರೆಸಿಕೊಳ್ಳುತ್ತ ಬಂದು ಕರಣಿ ಎತ್ತಿಕೊಂಡ. “ಯವ್ವಾ, ಇಷ್ಟೊತ್ತು ಹೊತಗೊಂಡಽ ನಿಂತಿದ್ದೇನು? ಕುತ್ತಿಗಿ ಮುರೀಬೇಕಂದೀಯೇನು?”

“ಸರ ಮಾತಾಡಾಕತ್ತಿದ್ರು.”

“ಏನಂದ್ರು?”

ಮೋನಮ್ಮ ಸಿಂಬಿ ಬಿಚ್ಚಿ ಕೊಡವಿ ಮತ್ತೆ ತಲೆಯ ಮೇಲೆ ಇಟ್ಟುಕೊಂಡು, ಖಾಲಿ ಬುಟ್ಟಿ ಎತ್ತಿಕೊಂಡಳು.

“ಏನಿಲ್ಲಂತ,” ಎಂದಳು.